ಹರೆಯದ ಬಾಖ್‌ನನ್ನು ರೆಕಾರ್ಡ್ ಮಾಡಿದ್ದು

ಜರ್ಮನ್ ಸಂಗೀತಗಾರ ಬಾಖ್ ಹಾರ್ಪ್ಸಿಕಾರ್ಡ್‌ಗೆ, ಅಂದರೆ ತಂತಿ ಮೀಟುವ ಹಳೆಯ ಕೀಬೋರ್ಡ್ ವಾದ್ಯಕ್ಕೆ, ಬರೆದ ಟೊಕಾಟಾಗಳು (ಮುಕ್ತವಾಗಿ ಹರಿಯುವ ಕೃತಿಗಳು) ಒಟ್ಟು ಏಳು. ಅವನ ಕೃತಿಗಳ ಪಟ್ಟಿಯಾದ ಬಿಡಬ್ಲ್ಯುವಿಯಲ್ಲಿ 910ರಿಂದ 916ರವರೆಗಿನವು. ಅದರಲ್ಲಿ ಮೂರನ್ನು ರೆಕಾರ್ಡ್ ಮಾಡಲು ಆರಿಸಿಕೊಂಡೆ: ಡಿ ಮೇಜರ್, ಡಿ ಮೈನರ್, ಇ ಮೈನರ್. ಜೊತೆಗೆ ದೂರ ಹೊರಟ ಸೋದರನಿಗೆ ವಿದಾಯ ಹೇಳುವ ಕ್ಯಾಪ್ರಿಚೊ (ಲಹರಿಯ ಕೃತಿ), ಬಿಡಬ್ಲ್ಯುವಿ 992. ಅದು 1704ರ ಸುಮಾರಿನದು ಎನ್ನುತ್ತಾರೆ. ಆಗ ಬಾಖ್‌ಗೆ ಹತ್ತೊಂಬತ್ತರ ಆಸುಪಾಸು, ಜರ್ಮನಿಯ ಆರ್ನ್‌ಸ್ಟಾಟ್ ಊರಿನ ಚರ್ಚ್‌ನಲ್ಲಿ ಆರ್ಗನ್ ನುಡಿಸುವ ಕೆಲಸ.

ಈ ಕೃತಿಗಳನ್ನು 'ಇನ್ನೂ ಪಕ್ವವಾಗದ ಬಾಖ್' ಅಂತ ಬದಿಗಿಡುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಕೇಳುವುದು ಕೈಬೆರಳಲ್ಲೇ ಯೋಚಿಸುವ ಹುಡುಗನ ಸಂಗೀತ. ಕೂತು, ಮನಸ್ಸಿಗೆ ಬಂದ ಹಾಗೆ ನುಡಿಸುತ್ತಾ, ನಡುವೆ ಥಟ್ಟನೆ ಒಂದು ಫ್ಯೂಗ್ (ಒಂದೇ ಎಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿಯುವ ರಚನೆ) ಹಿಡಿದು ಹೊರಡುತ್ತಾನೆ. ರೆಕಾರ್ಡಿಂಗ್‌ನಲ್ಲಿ ಉಳಿಯಬೇಕಾದದ್ದು ಅದೇ. ಶ್ರುತಿ, ಮೈಕ್, ಎಡಿಟಿಂಗ್, ಎಲ್ಲವನ್ನೂ ಅದನ್ನು ಇಟ್ಟುಕೊಂಡೇ ತೀರ್ಮಾನಿಸಿದೆ.

ಮೊದಲು ಓದಿದ್ದು ಹಳೆಯ ಕೈಬರಹದ ಪುಸ್ತಕಗಳನ್ನು. ಬಾಖ್‌ನ ಮೊದಲ ದಿನಗಳ ಎಷ್ಟೋ ಕೃತಿಗಳು ಅವನದೇ ಕೈಬರಹದಲ್ಲಿ ಉಳಿದಿಲ್ಲ. ಉಳಿಸಿದ್ದು ಓರ್ಡ್ರೂಫ್‌ನಲ್ಲಿದ್ದ ಅಣ್ಣ ಯೋಹಾನ್ ಕ್ರಿಸ್ಟೋಫ್. ಅವನು ಬರೆದಿಟ್ಟ ಎರಡು ದೊಡ್ಡ ಸಂಗ್ರಹಗಳಲ್ಲಿ ಒಂದು ಬರ್ಲಿನ್‌ನಲ್ಲಿದೆ, ಇನ್ನೊಂದು ಲೈಪ್‌ಜಿಗ್‌ನಲ್ಲಿದೆ. ತಮ್ಮ ಚಿಕ್ಕವನಿದ್ದಾಗ ಬೆಳದಿಂಗಳಲ್ಲಿ ಕದ್ದು ನಕಲು ಮಾಡಿದ ಹಾಳೆಗಳನ್ನು ಕಿತ್ತುಕೊಂಡ ಅಣ್ಣ ಅಂತ 1754ರ ಶ್ರದ್ಧಾಂಜಲಿ ಲೇಖನ ಹೇಳುವುದು ಇವನ ಬಗ್ಗೆಯೇ! ಡಿ ಮೇಜರ್ ಟೊಕಾಟಾದ ಮೊದಲ ರೂಪವೂ ಬರ್ಲಿನ್‌ನ ಸಂಗ್ರಹದಲ್ಲಿದೆ. ಅದನ್ನು ಈಗಿನ ರೂಪದ ಪಕ್ಕ ಇಟ್ಟುಕೊಂಡು ನುಡಿಸಿ ನೋಡಿ. ಯಾವ ಸ್ವರಗಳು ಅಲಂಕಾರ, ಯಾವುವು ಮೂಳೆ ಅಂತ ಬೇಗ ಗೊತ್ತಾಗುತ್ತದೆ.

ಆ ಟೊಕಾಟಾದಲ್ಲಿ ಒಂದು ಕಡೆ 'ಕಾನ್ ದಿಸ್ಕ್ರೆತ್ಸಿಯೋನೆ' ಎಂಬ ಸೂಚನೆ ಇದೆ. ಕಾಲವನ್ನು ನುಡಿಸುವವರ ವಿವೇಕಕ್ಕೆ ಬಿಟ್ಟಿದೆ ಅಂತ ಅರ್ಥ. ಹಾಗಂತ ಲಯವೇ ಇಲ್ಲ ಅಂತಲ್ಲ. ವೀಣೆಯ ತಾನ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ತಾಳದ ಲೆಕ್ಕ ಇಲ್ಲದಿದ್ದರೂ ಒಳಗೆ ಒಂದು ನಡಿಗೆ ಇರುತ್ತದೆ, ಅಲ್ವಾ? ಹಾರ್ಪ್ಸಿಕಾರ್ಡ್‌ನಲ್ಲಂತೂ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಗರಿಯ ತುದಿ ತಂತಿಯನ್ನು ಮೀಟುತ್ತದೆ, ಮುಗಿಯಿತು. ಒಂದು ಸ್ವರಕ್ಕೆ ತೂಕ ಬರಬೇಕಾದರೆ ಅದನ್ನು ಕೂದಲೆಳೆಯಷ್ಟು ತಡವಾಗಿ ನುಡಿಸಬೇಕು. ಇಲ್ಲವೇ ಹಿಂದಿನ ಸ್ವರವನ್ನು ಬೇಗ ಬಿಡಬೇಕು. ಒಂದು ಕಾರ್ಡ್‌ನ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ, ಸ್ವರಗಳನ್ನು ಕೆಳಗಿನಿಂದ ಬಿಡಿಸಿ ನುಡಿಸುವ ವೇಗದಲ್ಲೇ ಕೋಪವೂ ಇದೆ, ಮುದ್ದೂ ಇದೆ.

ಇನ್ನು ಶ್ರುತಿ. ನುಡಿಸಿದ್ದು ಉತ್ತರ ಜರ್ಮನಿಯ ಹಳೆಯ ಮಾದರಿ ನೋಡಿ ಕಟ್ಟಿದ ಎರಡು ಕೀಬೋರ್ಡ್‌ಗಳ ವಾದ್ಯ. ನಡುವಿನ 'ಸಿ'ಯ ಮೇಲಿನ 'ಎ' ಸ್ವರ 415 ಹರ್ಟ್ಸ್, ಈಗಿನದಕ್ಕಿಂತ ಅರ್ಧ ಸ್ವರ ಕೆಳಗೆ. ಇಂದಿನ ಪಿಯಾನೊದಂತೆ ಹನ್ನೆರಡು ಸ್ವರಗಳನ್ನೂ ಸಮವಾಗಿ ಹಂಚದೆ, ಜರ್ಮನ್ ಸಂಗೀತ ಶಾಸ್ತ್ರಜ್ಞ ವರ್ಕ್‌ಮೈಸ್ಟರ್ 1691ರಲ್ಲಿ ಪ್ರಕಟಿಸಿದ ಹಂಚಿಕೆಯನ್ನು ಹಿಡಿದೆ. ಕ್ಯಾಪ್ರಿಚೊಗಾಗಿಯೇ ಈ ಆಯ್ಕೆ. ಅದು ಬಿ ಫ್ಲ್ಯಾಟ್ ಮೇಜರ್‌ನಲ್ಲಿ ಶುರುವಾಗುತ್ತದೆ. ಗೆಳೆಯರು ಹೋಗಬೇಡ ಅಂತ ಬೇಡಿಕೊಳ್ಳುತ್ತಾರೆ, ಪರದೇಶದಲ್ಲಿ ಆಗಬಹುದಾದ ಕೇಡುಗಳನ್ನು ಹೇಳಿ ಹೆದರಿಸುತ್ತಾರೆ. ಆಮೇಲೆ ಎಲ್ಲರೂ ಸೇರಿ ಅಳುವ ಭಾಗ, ಎಫ್ ಮೈನರ್‌ನಲ್ಲಿ. ಈ ಹಂಚಿಕೆಯಲ್ಲಿ ಎ ಫ್ಲ್ಯಾಟ್–ಸಿ, ಡಿ ಫ್ಲ್ಯಾಟ್–ಎಫ್ ಸ್ವರಜೋಡಿಗಳ ನಡುವಿನ ಅಂತರ ಬಹಳ ಅಗಲ, ಕಿವಿಗೆ ಒಗರಾಗಿ ಕೇಳುತ್ತವೆ. ಅಳುವಿಗೆ ಬೇರೇನೂ ಸೇರಿಸಬೇಕಿಲ್ಲ, ಶ್ರುತಿಯೇ ಅಳುತ್ತದೆ. ಅಲ್ಲಿ ಕೆಲವು ಕಡೆ ಬಾಖ್ ಬರೆದಿರುವುದು ಬರೀ ಕೆಳಗಿನ ಸಾಲು ಮತ್ತು ಮೇಲೆ ಯಾವ ಸ್ವರಗಳು ಬರಬೇಕೆಂದು ಸೂಚಿಸುವ ಅಂಕಿಗಳು. ಉಳಿದದ್ದನ್ನು ನಾವೇ ತುಂಬಬೇಕು. ನಾನು ತೆಳ್ಳಗೆ ತುಂಬಿದೆ, ಮೇಲಿನ ನಿಟ್ಟುಸಿರುಗಳು ಮುಚ್ಚಿಹೋಗಬಾರದು ಅಂತ.

ಜಾಗಕ್ಕೆ ಮರದ ನೆಲದ ಚಿಕ್ಕ ಚರ್ಚ್ ಹುಡುಕಿಕೊಂಡೆ. ದೊಡ್ಡ ಕಲ್ಲಿನ ಚರ್ಚ್‌ನಲ್ಲಿ ಪ್ರತಿಧ್ವನಿ ಸೊಗಸಾಗಿರುತ್ತದೆ ನಿಜ, ಆದರೆ ಫ್ಯೂಗ್‌ನ ದನಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಎರಡು ಮೈಕ್‌ಗಳನ್ನು ತೆರೆದ ಮುಚ್ಚಳದ ಎದುರು, ಸುಮಾರು ಎರಡು ಮೀಟರ್ ದೂರಕ್ಕೆ ಇಟ್ಟೆವು. ಹತ್ತಿರ ತಂದರೆ ಗರಿ ತಂತಿಯನ್ನು ಸವರುವುದು, ಮರದ ಪಟ್ಟಿಗಳು ಕೆಳಗೆ ಬೀಳುವ ಟಕಟಕ, ಎಲ್ಲ ಎದ್ದು ಕೇಳುತ್ತದೆ. ದೂರ ಒಯ್ದರೆ ಬೆರಳಿನ ಆ ಕೂದಲೆಳೆಯ ತಡವೇ ಕಳೆದುಹೋಗುತ್ತದೆ. ಸ್ವಲ್ಪ ಟಕಟಕ ಇರಲಿ ಅಂದೆ. ವಾದ್ಯ ಮರದ್ದು ತಾನೇ.

ಹೀಟರ್ ಸದ್ದು ಮಾಡುತ್ತದೆ ಅಂತ ಆರಿಸಬೇಕು. ಆರಿಸಿದರೆ ಕೋಣೆ ತಣ್ಣಗಾಗುತ್ತದೆ, ಶ್ರುತಿ ಜಾರುತ್ತದೆ. ಆದ್ದರಿಂದ ಪ್ರತಿ ವಿರಾಮದಲ್ಲೂ ಶ್ರುತಿ ಮಾಡಿದೆ. ಶ್ರುತಿ ಜಾರಿದ ಎರಡು ಟೇಕ್‌ಗಳನ್ನು ಕಂಪ್ಯೂಟರ್‌ನಲ್ಲಿ ಎಷ್ಟೇ ಚೆನ್ನಾಗಿ ಜೋಡಿಸಿದರೂ ಬೆಸುಗೆ ಕೇಳಿಸಿಯೇ ಕೇಳಿಸುತ್ತದೆ.

ಟೇಕ್‌ಗಳ ಬಗ್ಗೆ ನನ್ನದು ಗಟ್ಟಿ ನಿಲುವು. ಟೊಕಾಟಾವನ್ನು ಭಾಗ ಭಾಗವಾಗಿ ಹಿಡಿದು ಹೊಲಿಯಬಾರದು. ಮುಕ್ತವಾದ ಭಾಗ ಎಲ್ಲಿ ನಿಂತಿತು ಅನ್ನುವುದೇ ಮುಂದಿನ ಫ್ಯೂಗ್‌ನ ವೇಗವನ್ನು ತೀರ್ಮಾನಿಸುತ್ತದೆ. ಅದಕ್ಕೇ ಪ್ರತಿಯೊಂದನ್ನೂ ಮೊದಲಿನಿಂದ ಕೊನೆವರೆಗೆ ನುಡಿಸಿದೆ. ತಪ್ಪು ಸ್ವರ ತಿದ್ದಲು ಮಾತ್ರ ಫ್ಯೂಗ್‌ಗಳೊಳಗೆ ಚಿಕ್ಕ ತೇಪೆ ಹಾಕಿದೆವು. ಮುಕ್ತ ಭಾಗಗಳಿಗೆ ಕತ್ತರಿ ತಾಗಿಸಲಿಲ್ಲ.

ಡಿ ಮೈನರ್ ಟೊಕಾಟಾದ ಎರಡು ಫ್ಯೂಗ್‌ಗಳ ನಡುವೆ ಒಂದೇ ಚಿಕ್ಕ ತುಣುಕು ಸ್ವರದಿಂದ ಸ್ವರಕ್ಕೆ ಜರುಗುತ್ತಾ ಬಹಳ ಹೊತ್ತು ನಡೆಯುತ್ತದೆ. ಬೇಸರ ಬರುತ್ತದೆ, ರಿಜಿಸ್ಟರ್ (ನುಡಿಯುವ ತಂತಿಗಳ ಸಾಲು) ಬದಲಿಸುತ್ತಾ ಬಣ್ಣ ಕೊಡಿ ಅಂತ ಸಲಹೆ ಬಂತು. ನಾನು ಪೂರ್ತಿ ಒಂದೇ ಸಾಲು ತಂತಿಗಳಲ್ಲಿ ನುಡಿಸಿದೆ. ಪ್ರತಿ ಸಲವೂ ಕಾರ್ಡ್ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ, ಈ ಶ್ರುತಿಯಲ್ಲಿ ಅದರ ರುಚಿಯೂ ಬದಲಾಗುತ್ತದೆ. ಹುಡುಗ ಕೀಬೋರ್ಡ್ ಮೇಲೆ ದಾರಿ ಹುಡುಕುತ್ತಿರುವುದು ಅಲ್ಲಿಯೇ ಕೇಳುತ್ತದೆ. ಬಣ್ಣ ಬದಲಿಸುವುದನ್ನು ಕ್ಯಾಪ್ರಿಚೊದ ಕೊನೆಗೆ ಉಳಿಸಿಕೊಂಡೆ. ಅಲ್ಲಿ ಅಂಚೆ ಗಾಡಿಯ ಕಹಳೆ ಎಂಟು ಸ್ವರ ಕೆಳಗೆ ಜಿಗಿಯುತ್ತದೆ, ಅದೇ ಕಹಳೆಯನ್ನು ಅನುಕರಿಸುವ ಫ್ಯೂಗ್ ಹಿಂದೆಯೇ ಬರುತ್ತದೆ. ಅದಕ್ಕೆ ವಾದ್ಯದ ಮೂರೂ ಸಾಲು ತಂತಿಗಳನ್ನು ಸೇರಿಸಿದೆ.