ಯುಗಾದಿಯ ಮಲ್ಲಿಗೆಗೆ ಕಾರ್ತಿಕದಲ್ಲೇ ಕತ್ತರಿ

ಫೆಬ್ರುವರಿ ಕಳೆಯುವಷ್ಟರಲ್ಲಿ ಮಾರುಕಟ್ಟೆಗೆ ಮಲ್ಲಿಗೆ ಮೊಗ್ಗು ಬರತೊಡಗುತ್ತದೆ. ಮನೆಯ ಗಿಡ ಮಾತ್ರ ಎಲೆ ಹೊತ್ತು ಸುಮ್ಮನೆ ನಿಂತಿರುತ್ತದೆ. ಆಗ ಗಾಬರಿಯಾಗಿ ಬುಡಕ್ಕೆ ಗೊಬ್ಬರ ಸುರಿಯುವವರೇ ಹೆಚ್ಚು. ಸುರಿದದ್ದೆಲ್ಲ ಇನ್ನಷ್ಟು ಎಲೆಯಾಗುತ್ತದೆ. ಹೂಗಿಡದ ನಿಜವಾದ ಕೆಲಸ ಹೂ ಬಿಡುವ ಕಾಲಕ್ಕಿಂತ ಎರಡು ಮೂರು ತಿಂಗಳು ಮೊದಲೇ ಮುಗಿದಿರಬೇಕು. ಬೇಸಿಗೆಯ ಮಲ್ಲಿಗೆಗೆ ನವೆಂಬರಿನಲ್ಲಿ ಕತ್ತರಿ, ದಸರೆಯ ಚೆಂಡುಹೂವಿಗೆ ಜುಲೈಯಲ್ಲಿ ಬೀಜ, ಚಳಿಗಾಲದ ಸೇವಂತಿಗೆಗೆ ಮುಂಗಾರಿನಲ್ಲಿ ಕುಡಿ ಚಿವುಟುವುದು, ಹೀಗೆ.

ಇಲ್ಲಿ ಹೇಳಿರುವ ತಿಂಗಳುಗಳು ಬೆಂಗಳೂರು, ತುಮಕೂರು, ಮಂಡ್ಯ, ಮೈಸೂರು ಕಡೆಯ ಹವೆಗೆ ಹೊಂದುತ್ತವೆ. ಕರಾವಳಿ, ಮಲೆನಾಡಿನವರು ತಮ್ಮೂರ ಮಳೆ ನೋಡಿಕೊಂಡು ಹಿಂದೆ ಮುಂದೆ ಮಾಡಿಕೊಳ್ಳಬೇಕು.

ನವೆಂಬರ್–ಡಿಸೆಂಬರ್: ಮಲ್ಲಿಗೆ ಸವರುವುದು

ಮನೆಗಳಲ್ಲಿ ಹೆಚ್ಚಾಗಿ ಇರುವುದು ದುಂಡುಮಲ್ಲಿಗೆ. ಇದರ ಮೊಗ್ಗು ಹುಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಸವರದೆ ಬಿಟ್ಟ ಗಿಡದಲ್ಲಿ ಉದ್ದುದ್ದ ಹಳೆಯ ಕಡ್ಡಿಗಳೇ ತುಂಬಿ, ಹೊಸ ಚಿಗುರು ತುದಿಯಲ್ಲಿ ನಾಲ್ಕಾರು ಕಡೆ ಮಾತ್ರ ಬರುತ್ತದೆ. ಹೂವೂ ಅಷ್ಟೇ.

1. ಸವರುವುದಕ್ಕೆ 10–15 ದಿನ ಮೊದಲು ನೆಲದ ಗಿಡಕ್ಕೆ ನೀರು ನಿಲ್ಲಿಸಿ. ಕುಂಡದ ಗಿಡಕ್ಕೆ ಪೂರ್ತಿ ನಿಲ್ಲಿಸಬೇಡಿ. ಬೇರಿಗೆ ಹೋಗಲು ಬೇರೆ ಜಾಗವಿಲ್ಲ, ಗಿಡವೇ ಒಣಗುತ್ತದೆ. ಮೂರು ದಿನಕ್ಕೊಮ್ಮೆ ಒಂದು ಚೊಂಬು ಸಾಕು.

2. ನವೆಂಬರ್ ಕೊನೆಯ ವಾರ ಅಥವಾ ಡಿಸೆಂಬರ್ ಮೊದಲಲ್ಲಿ, ಮಳೆಯಿಲ್ಲದ ದಿನ ನೋಡಿ ಕತ್ತರಿಸಿ. ಮೊದಲು ಒಣಗಿದ್ದು, ರೋಗದ್ದು, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡದಲ್ಲೇ ತೆಗೆಯಿರಿ. ಉಳಿದವನ್ನು ನೆಲದಿಂದ 45–50 ಸೆಂ.ಮೀ. ಎತ್ತರಕ್ಕೆ, ಕುಂಡದ್ದಾದರೆ ಒಂದು ಅಡಿಗೆ ಸವರಿ. ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ಜಜ್ಜಿದ ತುದಿಯಿಂದ ಒಣಗು ಕೆಳಗಿಳಿಯುತ್ತದೆ.

3. ಉಳಿದ ಎಲೆಗಳನ್ನೂ ಕೈಯಿಂದ ಕಿತ್ತುಬಿಡಿ. ಬೋಳು ಗಿಡ ನೋಡಲು ಸಂಕಟವಾಗುತ್ತದೆ, ಆದರೂ ಕೈ ಹಿಡಿಯಬೇಡಿ. ಎಲ್ಲ ಗೆಣ್ಣುಗಳಲ್ಲೂ ಒಟ್ಟಿಗೆ ಚಿಗುರು ಏಳುವುದು ಆಗಲೇ.

4. ನೆಲದ ಗಿಡವಾದರೆ ಬುಡದ ಸುತ್ತ ಒಂದು ಅಡಿ ದೂರದಲ್ಲಿ ಮೂರು ನಾಲ್ಕು ಇಂಚು ಆಳದ ಪಾತಿ ತೆಗೆಯಿರಿ. ಬೆಳೆದ ನೆಲದ ಗಿಡಕ್ಕೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರ, 14 ಇಂಚಿನ ಕುಂಡಕ್ಕೆ ನಾಲ್ಕು ಹಿಡಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಚೆನ್ನಾಗಿ ಕಳಿತಿರಲೇಬೇಕು. ಹಸಿ ಸಗಣಿ ಹಾಕಿದರೆ ಅದರ ಶಾಖಕ್ಕೆ ಬೇರು ಬೇಯುತ್ತದೆ, ಜೊತೆಗೆ ಬೇರು ತಿನ್ನುವ ಗೊಣ್ಣೆಹುಳು ಸೇರಿಕೊಳ್ಳುತ್ತದೆ.

5. ಮಣ್ಣು ಮುಚ್ಚಿ ಆಮೇಲೆ ಧಾರಾಳವಾಗಿ ನೀರು ಕೊಡಿ. ಫೆಬ್ರುವರಿ ಕೊನೆಯಿಂದ ಮೊಗ್ಗು ನಿರೀಕ್ಷಿಸಬಹುದು.

ಮೊದಲ ಸುತ್ತಿನ ಹೂ ಮುಗಿದ ಮೇಲೆ, ಹೂ ಬಿಟ್ಟ ತುದಿಯನ್ನು ಎರಡು ಜೊತೆ ಎಲೆಯಷ್ಟು ಕೆಳಕ್ಕೆ ಚಿವುಟಿ. ಅಲ್ಲಿಂದ ಮತ್ತೆರಡು ಕವಲೊಡೆದು ಇನ್ನೊಂದು ಸುತ್ತು ಬರುತ್ತದೆ. ಇದೊಂದನ್ನು ಮಾಡುವವರ ಮನೆಯಲ್ಲಿ ಜೂನ್‌ವರೆಗೂ ಹೂವಿರುತ್ತದೆ. ಎಲ್ಲ ಮಲ್ಲಿಗೆಗೂ ತಿಂಗಳು ಒಂದೇ ಅಲ್ಲ: ಜಾಜಿಯನ್ನು ಡಿಸೆಂಬರ್ ಕೊನೆಗೆ, ಹಡಗಲಿ ಮಲ್ಲಿಗೆಯನ್ನು ಜನವರಿ ಕೊನೆಗೆ ಸವರಬೇಕು.

ಸರಿಯಾಗಿ ಸವರಿದರೂ ಹೂವಿಲ್ಲವೆಂದರೆ ಮೊದಲು ಬಿಸಿಲು ನೋಡಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಮಲ್ಲಿಗೆ ಬಳ್ಳಿಯಂತೆ ಹಬ್ಬುತ್ತದೆಯೇ ಹೊರತು ಮೊಗ್ಗು ಕಟ್ಟುವುದಿಲ್ಲ. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವ ಕಡೆ ಇದು ಸಾಮಾನ್ಯ, ಏಕೆಂದರೆ ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಸಂಜೆ ಹೊತ್ತು ಎಲೆಗಳಿಗೆ ಸಿಂಪಡಿಸಿ, ತಿಂಗಳಿಗೊಮ್ಮೆ ಸಾಕು. ಇನ್ನು ಮೊಗ್ಗಿನಲ್ಲಿ ತೂತಿದ್ದರೆ ಮೊಗ್ಗು ಕೊರಕ ಹುಳು, ಮೊಗ್ಗು ಅರಳದೆ ಬುಡ ಊದಿ ನೇರಳೆ ಬಣ್ಣಕ್ಕೆ ತಿರುಗಿದರೆ ಮೊಗ್ಗಿನ ನೊಣ. ಎರಡರಲ್ಲೂ ಕೆಟ್ಟ ಮೊಗ್ಗನ್ನು ಕಿತ್ತು ಅಲ್ಲೇ ಬುಡಕ್ಕೆ ಎಸೆಯುವುದು ದೊಡ್ಡ ತಪ್ಪು, ನೊಣದ ಮರಿ ಮಣ್ಣಿಗಿಳಿದು ಮತ್ತೆ ಎದ್ದು ಬರುತ್ತದೆ. ಕವರಿಗೆ ಹಾಕಿ ದೂರ ಸಾಗಿಸಿ, ಬುಡದ ಮೇಲ್ಮಣ್ಣು ಕೆದಕಿ ಬಿಸಿಲಿಗೊಡ್ಡಿ, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಕೆಲವು ಹನಿ ಸೋಪಿನ ದ್ರವದೊಂದಿಗೆ ಕಲಕಿ ವಾರಕ್ಕೊಮ್ಮೆ ಹೊಡೆಯಿರಿ. ಸೋಪು ಇಲ್ಲದಿದ್ದರೆ ಎಣ್ಣೆ ನೀರಿನ ಮೇಲೆ ತೇಲಿ, ಕೊನೆಯಲ್ಲಿ ಸಿಕ್ಕ ಗಿಡದ ಎಲೆ ಸುಡುತ್ತದೆ.

ಗುಲಾಬಿಗೆ ಇನ್ನೂ ಮೊದಲೇ

ಮಳೆ ಹಿಂಜರಿಯುವ ಅಕ್ಟೋಬರಿನಲ್ಲೇ ಗುಲಾಬಿ ಸವರಬೇಕು. ಸವರಿದ ಸುಮಾರು 45 ದಿನಕ್ಕೆ ಹೂ. ಹೊರಮುಖವಾಗಿರುವ ಕಣ್ಣಿನ ಮೇಲೆ ಅರ್ಧ ಸೆಂ.ಮೀ. ಬಿಟ್ಟು, ನೀರು ಕಣ್ಣಿನ ಕಡೆ ಇಳಿಯದ ಹಾಗೆ ಓರೆಯಾಗಿ ಕತ್ತರಿಸಿ. ಕಸಿ ಗಂಟಿನ ಕೆಳಗಿನಿಂದ ಎದ್ದ ಕಡ್ಡಿ ತುಂಬ ಹುರುಪಾಗಿ ಬೆಳೆಯುತ್ತದೆ, ಅದನ್ನು ಕಂಡು ಖುಷಿಪಡಬೇಡಿ. ಅದು ಕಾಡುಗುಲಾಬಿಯದು; ಬಿಟ್ಟರೆ ಒಂದೆರಡು ವರ್ಷದಲ್ಲಿ ಕಸಿ ಮಾಡಿದ ತಳಿಯನ್ನೇ ನುಂಗುತ್ತದೆ. ಬುಡದ ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ.

ಬೇಸಿಗೆ: ನೀರು, ನೆರಳು, ನುಸಿ

ಮಾರ್ಚ್‌ನಿಂದ ಮೇವರೆಗೆ ಹೊಸದೇನೂ ನೆಡಬೇಡಿ, ಇರುವುದನ್ನು ಉಳಿಸಿಕೊಳ್ಳಿ. ತಾರಸಿಯ 12 ಇಂಚಿನ ಕುಂಡಕ್ಕೆ ದಿನವೂ ಬೆಳಗ್ಗೆ ನೀರು ಬೇಕು. ಬುಡದ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಎರಡು ಇಂಚು ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಿರಲಿ. ದಾಸವಾಳದ ಮೊಗ್ಗು ಅರಳುವ ಮೊದಲೇ ಉದುರುವುದಕ್ಕೆ ಹೆಚ್ಚಿನ ಸಲ ಕಾರಣ ಒಂದು ದಿನ ಒಣಗಿಸಿ, ಇನ್ನೊಂದು ದಿನ ತುಂಬಿಸುವುದು. ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು ಕಂಡರೆ ಹಿಟ್ಟು ತಿಗಣೆ. ಕೊಳವೆಯಿಂದ ಜೋರಾಗಿ ನೀರು ಹಾಯಿಸಿ ತೊಳೆದು, ಆಮೇಲೆ ಬೇವಿನೆಣ್ಣೆ ಹೊಡೆಯಿರಿ. ಇರುವೆ ಓಡಾಡುವ ಗಿಡಕ್ಕೆ ತಿಗಣೆ ಮತ್ತೆ ಮತ್ತೆ ಬರುತ್ತದೆ, ಅದರ ಸಿಹಿ ಅಂಟಿಗಾಗಿ ಇರುವೆಗಳೇ ಅದನ್ನು ಕಾಯುತ್ತವೆ. ಎಲೆಯ ಅಡಿ ಸಣ್ಣ ಬಲೆ, ಮೇಲೆ ಚುಕ್ಕೆ ಚುಕ್ಕೆಯಾಗಿ ಬಣ್ಣಗೆಟ್ಟರೆ ಕೆಂಪು ನುಸಿ. ಒಣ ಬಿಸಿಲಿನಲ್ಲಿ ಬೇಗ ಹೆಚ್ಚುತ್ತದೆ, ಎಲೆಯ ಅಡಿಭಾಗ ದಿನವೂ ತೊಳೆದರೆ ತಗ್ಗುತ್ತದೆ.

ಮುಂಗಾರು: ಕಡ್ಡಿ ನೆಡುವ ಕಾಲ

ಆರಿದ್ರಾ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಆರೇಳು ಇಂಚಿನ ದಾಸವಾಳದ ಕಡ್ಡಿ ನೆಟ್ಟರೆ ಸುಲಭವಾಗಿ ಹತ್ತುತ್ತದೆ. ಕೆಳಗಿನ ತುದಿಯನ್ನು ಗೆಣ್ಣಿನ ಕೆಳಗೇ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗಲಿ, ಮೇಲೆ ಎರಡೇ ಎಲೆ ಉಳಿಯಲಿ. ಕುಂಡದ ಮಣ್ಣು ಬದಲಿಸಲೂ ಇದೇ ಕಾಲ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು. ತಾರಸಿಗೆ ಭಾರ ಎನಿಸಿದರೆ ಮರಳಿನ ಬದಲು ತೆಂಗಿನ ನಾರಿನ ಪುಡಿ ಆದೀತು.

ಮಳೆಯಲ್ಲಿ ಗಿಡ ಸಾಯುವುದು ಮೇಲಿನ ನೀರಿನಿಂದಲ್ಲ, ಬುಡದಲ್ಲಿ ನಿಂತ ನೀರಿನಿಂದ. ಕುಂಡದಡಿಯ ತಟ್ಟೆ ತೆಗೆದಿಡಿ, ತೂತು ಕಟ್ಟಿಕೊಂಡಿಲ್ಲವೇ ಎಂದು ಕಡ್ಡಿ ಹಾಕಿ ನೋಡಿ.

ಎಲೆಚುಕ್ಕೆ, ಕೊಳೆಗೆ ಶೇ 1ರ ಬೋರ್ಡೋ ದ್ರಾವಣವನ್ನು ಮನೆಯಲ್ಲೇ ಮಾಡಬಹುದು. 10 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿಯಿರಿ. ಕಬ್ಬಿಣದ ಚಾಕು ಅದ್ದಿ ನೋಡಿ: ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ತುತ್ತ ಹೆಚ್ಚಿದೆ, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಅದೇ ದಿನ, ಮಳೆ ಬಿಟ್ಟ ಹೊತ್ತಿನಲ್ಲಿ ಹೊಡೆದು ಮುಗಿಸಿ. ಎಳೆ ಚಿಗುರಿಗೆ ಬೇಡ, ಸುಡುತ್ತದೆ. ಆ ಚಾಕು, ಪಾತ್ರೆಗಳನ್ನು ಮತ್ತೆ ಅಡುಗೆಮನೆಗೆ ತರಬಾರದು.

ಸೇವಂತಿಗೆ: ಚಿವುಟಲು ಗೊತ್ತಿರಬೇಕು, ನಿಲ್ಲಿಸಲೂ

ಜೂನ್‌ನಲ್ಲಿ ಹಳೆಯ ಗಿಡದ ಬುಡದಿಂದ ಎದ್ದ ಮರಿಗಳನ್ನು ಬೇರುಸಹಿತ ಬಿಡಿಸಿ, ಇಲ್ಲವೇ ಮೂರು ಇಂಚಿನ ಕುಡಿ ಕತ್ತರಿಸಿ ಒದ್ದೆ ಮರಳಿನಲ್ಲಿ ನೆಡಿ. ಕುಡಿಗೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. 10 ಇಂಚಿನ ಕುಂಡಕ್ಕೆ ಒಂದೇ ಗಿಡ. ನೆಟ್ಟ ನಾಲ್ಕು ವಾರಕ್ಕೆ ತುದಿಯನ್ನು ಬೆರಳಿನಿಂದ ಒಂದು ಸೆಂ.ಮೀ. ಮಾತ್ರ ಚಿವುಟಿ. ಕವಲುಗಳು ನಾಲ್ಕು ಇಂಚು ಬೆಳೆದಾಗ ಅವುಗಳ ತುದಿಯನ್ನೂ ಒಮ್ಮೆ ಚಿವುಟಿ. ಆಗಸ್ಟ್ ಕೊನೆಗೆ ಇದು ನಿಲ್ಲಬೇಕು. ಸೆಪ್ಟೆಂಬರ್ ನಂತರ ಚಿವುಟಿದರೆ ಕೈಗೆ ಬರುವುದು ಮೊಗ್ಗು ಕಟ್ಟಲು ಸಿದ್ಧವಾದ ತುದಿ.

ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡವಿದು. ಬೀದಿದೀಪವೋ ಗೇಟಿನ ಬಲ್ಬೋ ರಾತ್ರಿಯಿಡೀ ಮೇಲೆ ಬಿದ್ದರೆ ಗಿಡ ಬೆಳೆಯುತ್ತಲೇ ಇರುತ್ತದೆ, ಮೊಗ್ಗು ತಡವಾಗುತ್ತದೆ. ಹೂವನ್ನು ಬೇಕಾದ ಹಬ್ಬಕ್ಕೆ ಮುಂದೂಡಲು ಬೆಳೆಗಾರರು ಹೊಲದ ತುಂಬ ರಾತ್ರಿ ಬಲ್ಬು ಉರಿಸುವುದು ಇದೇ ಕಾರಣಕ್ಕೆ. ಮನೆಯಲ್ಲಿ ಬೇಕಿರುವುದು ಅದರ ವಿರುದ್ಧ: ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿ.

100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, 15 ದಿನಕ್ಕೊಮ್ಮೆ ಅರ್ಧ ಲೀಟರ್ ಕೊಡಿ. ಮೊಗ್ಗು ಬಣ್ಣ ತೋರಿದ ಮೇಲೆ ನಿಲ್ಲಿಸಿ. ಹೂ ಮುಗಿದ ಮೇಲೆ ಗಿಡ ಕೀಳದೆ ಐದಾರು ಇಂಚು ಬಿಟ್ಟು ಕತ್ತರಿಸಿ, ಬೇಸಿಗೆಯಲ್ಲಿ ಅರೆನೆರಳಿನಲ್ಲಿಡಿ. ಮುಂದಿನ ಜೂನ್‌ಗೆ ಮರಿ ಕೊಡುವುದು ಇದೇ ಬುಡ.

ಚೆಂಡುಹೂ: ಹಬ್ಬದಿಂದ ಹಿಂದಕ್ಕೆ ಎಣಿಸಿ

ಪಂಚಾಂಗದಲ್ಲಿ ಆಯುಧಪೂಜೆಯ ದಿನ ನೋಡಿ, ಅಲ್ಲಿಂದ 95 ದಿನ ಹಿಂದಕ್ಕೆ ಎಣಿಸಿ ಬೀಜ ಹಾಕಿ. ಅರ್ಧ ಸೆಂ.ಮೀ.ಗಿಂತ ಆಳ ಬೇಡ. ಐದಾರು ದಿನಕ್ಕೆ ಮೊಳಕೆ, 25–30 ದಿನಕ್ಕೆ ನಾಟಿ, ನಾಟಿಯಾದ ತಿಂಗಳಿಗೆ ತುದಿ ಚಿವುಟುವುದು, ನಾಟಿಯಿಂದ 60–65 ದಿನಕ್ಕೆ ಹೂ. 15 ದಿನ ಬಿಟ್ಟು ಇನ್ನೊಂದು ಮಡಿ ಹಾಕಿದರೆ ದೀಪಾವಳಿಗೂ ಆಗುತ್ತದೆ. ಹೈಬ್ರಿಡ್ ಹೂವಿನಿಂದ ತೆಗೆದಿಟ್ಟ ಬೀಜಕ್ಕೆ ಹೂವಿನ ಗಾತ್ರ, ಬಣ್ಣ ಒಂದೇ ಸಮ ಬರುವುದಿಲ್ಲ. ಹಬ್ಬಕ್ಕೆ ಬೇಕಾದರೆ ಹೊಸ ಬೀಜ ತನ್ನಿ.

ದೀಪಾವಳಿ ಕಳೆದ ಮೇಲೆ ಗಿಡಗಳನ್ನು ಬೇರುಸಹಿತ ಕೀಳಬೇಡಿ, ನೆಲಮಟ್ಟಕ್ಕೆ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡಿ. ಕನಕಾಂಬರದ ಬೇರಿನಲ್ಲಿ ಗಂಟು ಕಟ್ಟಿಸಿ ಗಿಡವನ್ನು ಸೊರಗಿಸುವ ಜಂತುಹುಳು ಚೆಂಡುಹೂ ಬೆಳೆದ ಮಣ್ಣಿನಲ್ಲಿ ತಗ್ಗುತ್ತದೆ. ಮೇಲ್ಮಣ್ಣು ಸಡಿಲಿಸಿ, ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಅದೇ ಮಡಿಯಲ್ಲಿ ಒಂದು ಅಡಿ ಅಂತರಕ್ಕೆ ಕನಕಾಂಬರದ ಸಸಿಗಳನ್ನು ನೆಟ್ಟುಬಿಡಿ.