ಕ್ಲಾಸಿನಲ್ಲಿ ಬಂದೂಕು: ಡೀನ್ ಹತ್ತಿರ ನಾನು ಕೇಳಿದ್ದು

ಟೆಕ್ಸಾಸ್‌ನ ಕಮ್ಯುನಿಟಿ ಕಾಲೇಜುಗಳಿಗೆ, ಅಂದರೆ ಎರಡು ವರ್ಷದ ಕೋರ್ಸಿನ ಸರ್ಕಾರಿ ಕಾಲೇಜುಗಳಿಗೆ, 2017ರ ಆಗಸ್ಟ್ 1ರಿಂದ ಕ್ಯಾಂಪಸ್ ಕ್ಯಾರಿ ಕಾನೂನು ಅನ್ವಯವಾಯಿತು. ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಯಾರಿಗೂ ಕಾಣದ ಹಾಗೆ ಇಟ್ಟುಕೊಂಡು ಕ್ಲಾಸಿಗೇ ಬರಬಹುದು. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಇದು ಒಂದು ವರ್ಷ ಮೊದಲೇ, 2016ರ ಆಗಸ್ಟ್ 1ಕ್ಕೆ ಬಂದಿತ್ತು. ಆಸ್ಟಿನ್‌ನ ವಿಶ್ವವಿದ್ಯಾಲಯದ ಗೋಪುರದಿಂದ ಒಬ್ಬ ಗುಂಡು ಹಾರಿಸಿ ಜನರನ್ನು ಕೊಂದು ಅವತ್ತಿಗೆ ಸರಿಯಾಗಿ 50 ವರ್ಷ. ಆ ತಾರೀಖು ನೋಡಿ ನನಗೆ ತುಂಬ ಸಂಕಟವಾಗಿತ್ತು.

ನಾನು ಆಗ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಊರು ಕೊಡಗು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಇಟ್ಟು, ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವಳು. ಬಂದೂಕು ಕಂಡರೆ ಹೆದರಿಕೆ ಇಲ್ಲ. ಆದರೆ ನಮ್ಮ ಮನೆಯ ಕೋವಿ ಎಲ್ಲಿದೆ, ಯಾರ ಕೈಯಲ್ಲಿದೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಕ್ಲಾಸಿನಲ್ಲಿ ಹಾಗಲ್ಲ. ಅದಕ್ಕೇ ಡೀನ್ ಹತ್ತಿರ ಸಮಯ ಕೇಳಿದೆ.

ಹೋಗುವ ಮೊದಲು ಕಾನೂನನ್ನು ಪೂರ್ತಿ ಓದಿಕೊಂಡೆ. ಇದು ಮುಖ್ಯ. ‘ನಮ್ಮಲ್ಲಿ ಇದು ಬೇಡ ಅನ್ನೋಕೆ ಆಗಲ್ವಾ?’ ಅಂತ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸರ್ಕಾರಿ ಕಾಲೇಜಿಗೆ ಆ ಅಧಿಕಾರವೇ ಇಲ್ಲ. ಖಾಸಗಿಯವರಿಗೆ ಇದೆ. ರೈಸ್, ಬೇಲರ್‌ನಂಥವು ಬೇಡ ಅಂದವು. ನಮ್ಮಂಥ ಕಡೆ ಕಾಲೇಜಿನ ಅಧ್ಯಕ್ಷರು ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ ಎಲ್ಲರನ್ನೂ ಕೇಳಿ, ಯಾವ ಜಾಗಕ್ಕೆ ತರಬಾರದು ಅಂತ ನಿಯಮ ಮಾಡಬಹುದು. ಹಾಗಾಗಿ ಕೇಳಬೇಕಾದದ್ದು ಜಾಗಗಳ ಬಗ್ಗೆ.

ನಾನು ಕಟ್ಟಡ, ಕೊಠಡಿಗಳ ಹೆಸರು ಹಾಕಿ ಬರೆದುಕೊಂಡು ಹೋದೆ. ಕೆಮಿಸ್ಟ್ರಿ ಲ್ಯಾಬ್, ಕೌನ್ಸೆಲಿಂಗ್ ಕೊಠಡಿ, ಸಿಬ್ಬಂದಿಯ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಇವಕ್ಕೆಲ್ಲ ಡೀನ್ ತಕ್ಷಣ ಹೂಂ ಅಂದರು. ಆಮೇಲೆ ನನ್ನನ್ನು ಹೆಚ್ಚು ಕಾಡುತ್ತಿದ್ದ ವಿಷಯ ಎತ್ತಿದೆ. ನನ್ನ ಕ್ಲಾಸಿಗೆ ಹೈಸ್ಕೂಲು ಮಕ್ಕಳೂ ಬರುತ್ತಿದ್ದರು. ಡ್ಯೂಯಲ್ ಕ್ರೆಡಿಟ್ ಅಂತ, ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ವಿಷಯ ಓದುವವರು. ಹದಿನಾರು ವರ್ಷದ ಹುಡುಗಿ ಒಂದು ಬೆಂಚಿನಲ್ಲಿ, ಪಿಸ್ತೂಲು ಇರುವವರು ಪಕ್ಕದಲ್ಲಿ. ಅದೇ ಹುಡುಗಿ ತನ್ನ ಹೈಸ್ಕೂಲು ಕಟ್ಟಡದಲ್ಲಿ ಕೂತಿದ್ದರೆ ಕಾನೂನು ಬಂದೂಕನ್ನು ಒಳಗೆ ಬಿಡುತ್ತಿರಲಿಲ್ಲ. ಇಲ್ಲಿ ಮಾತ್ರ ಯಾಕೆ ಬಿಡಬೇಕು, ಅಲ್ವಾ? ಡೀನ್ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಅಂಥ ಮಕ್ಕಳು ಎಲ್ಲ ಕ್ಲಾಸಿನಲ್ಲೂ ಇದ್ದಾರೆ. ಎಲ್ಲವನ್ನೂ ನಿಷೇಧಿಸಿದರೆ ಕಾನೂನನ್ನೇ ತಳ್ಳಿಹಾಕಿದ ಹಾಗಾಗುತ್ತದೆ’ ಅಂದರು. ಅವರ ಕಷ್ಟ ನನಗೆ ಅರ್ಥವಾಯಿತು, ಉತ್ತರ ಒಪ್ಪಿಗೆಯಾಗಲಿಲ್ಲ. ಅದನ್ನು ಅವರ ಮುಂದೆಯೇ ಹೇಳಿದೆ. ಮರುದಿನ ಅದೇ ಪ್ರಶ್ನೆಯನ್ನು ಇಮೇಲ್‌ನಲ್ಲೂ ಕಳಿಸಿದೆ. ಬಾಯಿಮಾತು ಕಡತಕ್ಕೆ ಸೇರುವುದಿಲ್ಲ.

ಬಂದೂಕು ತರಬೇಡಿ ಅಂತ ಬಾಗಿಲಿಗೆ ನಾವೇ ಒಂದು ಚೀಟಿ ಅಂಟಿಸಬಹುದಾ ಅಂತಲೂ ಕೇಳಿದೆ. ಆಗುವುದಿಲ್ಲ. ಮರೆಮಾಡಿದ ಪಿಸ್ತೂಲು ಒಳಗೆ ತರಬಾರದು ಅಂತ ಹಾಕುವ 30.06 ಅನ್ನುವ ಫಲಕಕ್ಕೆ ಕಾನೂನೇ ಮಾತುಗಳನ್ನು ಬರೆದುಕೊಟ್ಟಿದೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದು ಇಂಚು ಎತ್ತರ ಇರಬೇಕು. ಯಾರದಾದರೂ ಅಂಗಿ ಮೇಲೆ ಸರಿದು ಪಿಸ್ತೂಲು ಕಂಡರೆ? ನೀವು ಮಾತಿಗೆ ಹೋಗಬೇಡಿ, ಕ್ಯಾಂಪಸ್ ಪೊಲೀಸರಿಗೆ ಫೋನ್ ಮಾಡಿ ಅಂದರು. ಲೈಸೆನ್ಸ್ ನೋಡುವುದು ಅವರ ಕೆಲಸ.

ಇಲ್ಲಿಗೆ ಓದಲು ಬರುವ ನಮ್ಮ ಮಕ್ಕಳಿಗೆ ಒಂದು ಮಾತು. ಎಫ್-1, ಎಚ್-1ಬಿ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಕೆಲವೇ ವಿನಾಯಿತಿ ಬಿಟ್ಟು ನಿಷೇಧಿಸುತ್ತದೆ. ಗೆಳೆಯನ ಪಿಸ್ತೂಲನ್ನು ಸುಮ್ನೆ ರೂಮಿನಲ್ಲಿ ಇಟ್ಟುಕೊಳ್ಳುವುದೂ ಬೇಡ. 2021ರಿಂದ ಟೆಕ್ಸಾಸ್‌ನಲ್ಲಿ ಹೊರಗೆ ಪಿಸ್ತೂಲು ಒಯ್ಯಲು ಹೆಚ್ಚಿನವರಿಗೆ ಲೈಸೆನ್ಸ್ ಬೇಕಿಲ್ಲ. ಕಾಲೇಜಿನ ಕಟ್ಟಡದೊಳಗೆ ಈಗಲೂ ಬೇಕು.

ನಿಯಮ ಹೊರಬಂದಾಗ ಲ್ಯಾಬ್, ಕೌನ್ಸೆಲಿಂಗ್, ಮಕ್ಕಳ ಜಾಗ ಮೂರೂ ಪಟ್ಟಿಯಲ್ಲಿದ್ದವು. ಡ್ಯೂಯಲ್ ಕ್ರೆಡಿಟ್ ಕ್ಲಾಸುಗಳು ಇರಲಿಲ್ಲ. ಪ್ರತಿ ಸಮ ವರ್ಷದ ಸೆಪ್ಟೆಂಬರ್ 1ರೊಳಗೆ ಕಾಲೇಜು ತನ್ನ ನಿಯಮಗಳನ್ನೂ ಅವುಗಳ ಕಾರಣವನ್ನೂ ಶಾಸನಸಭೆಗೆ ಬರೆದು ಕಳಿಸಬೇಕು. ಆ ವರದಿ ತಯಾರಾಗುವ ಹೊತ್ತಿಗೆ ನನ್ನ ಪ್ರಶ್ನೆಯನ್ನು ಮತ್ತೆ ಬರೆದು ಕೊಡುತ್ತೇನೆ.