ಬ್ಲೇಡ್ ಎತ್ತಿದ ಮೇಲೆ ಅದು ಬೇರೆಯದೇ ಗಾಡಿ

ನಮ್ಮ ಮನೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ದಕ್ಷಿಣಕ್ಕಿದೆ. ಈರಿ ಸರೋವರ ಹೆಪ್ಪುಗಟ್ಟುವ ಮೊದಲು, ನವೆಂಬರ್–ಡಿಸೆಂಬರಿನಲ್ಲಿ, ಆ ಬೆಚ್ಚಗಿನ ನೀರಿನ ಮೇಲೆ ಚಳಿಗಾಳಿ ಹಾದು ಬಂತೆಂದರೆ ಸ್ನೋ ಪಟ್ಟಿಯಂತೆ ಬಂದು ನಮ್ಮ ಮೇಲೇ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಇಲ್ಲಿನ ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್ ಊರುಗಳ ಕಡೆ ಸ್ನೋ ಆರು ಅಡಿ ದಾಟಿತ್ತು. ಮರುವರ್ಷ ನನ್ನ ಪಿಕಪ್ಪಿನ ಮುಂದೆ ಎಂಟಡಿ ಅಗಲದ ಪ್ಲೋ, ಅಂದರೆ ಸ್ನೋ ತಳ್ಳುವ ಕಬ್ಬಿಣದ ಬ್ಲೇಡ್, ಹಾಕಿಸಿದೆ. ನಮ್ಮ ಬೀದಿಯ ಐದಾರು ಮನೆ, ಮೂರು ಮೈಲಿ ಆಚೆ ಒಂದು ಸಣ್ಣ ಪಾರ್ಕಿಂಗ್ ಜಾಗ, ಇಷ್ಟೇ ನನ್ನ ಕೆಲಸ.

ಸ್ನೋ ತಳ್ಳುವುದನ್ನು ಕಲಿಯಲು ವಾರ ಸಾಕಾಯಿತು. ನಾನು ಹೆದರಿದ್ದು ಆ ಮೂರು ಮೈಲಿ ರಸ್ತೆಯಲ್ಲಿ.

ಮೊದಲ ಚಳಿಗಾಲದ ಒಂದು ಬೆಳಗಿನ ಜಾವ, ಬ್ಲೇಡ್ ಎತ್ತಿಕೊಂಡು ಹೋಗುತ್ತಿದ್ದೆ. ಸಿಗ್ನಲ್ ಕೆಂಪಾಯಿತು. ಎಂದಿನಂತೆ ಬ್ರೇಕ್ ಒತ್ತಿದೆ. ಮೂತಿ ತಗ್ಗಿತು, ಹಿಂಭಾಗ ಹಗುರಾಗಿ ಎಡಕ್ಕೆ ಜಾರಿತು. ಗಾಡಿ ನಿಂತಾಗ ಬ್ಲೇಡಿನ ಮೂಲೆಗೂ ಬಸ್ ಸ್ಟಾಪಿನ ಕಂಬಕ್ಕೂ ನಡುವೆ ಒಂದು ಮೊಳವಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ. ಆ ಕಂಬ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಊರಿನಲ್ಲಿ ಎತ್ತಿನ ಗಾಡಿಗೆ ಹೇರು ತುಂಬುವುದನ್ನು ನೋಡಿಯೇ ಬೆಳೆದವನು ನಾನು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕತ್ತಿಗೆ ಬೀಳುತ್ತದೆ. ಇಲ್ಲಿಯೂ ಅದೇ ಲೆಕ್ಕ. ಮುಂದಿನ ಚಕ್ರಕ್ಕಿಂತಲೂ ಮುಂದೆ ಸುಮಾರು 350 ಕೆ.ಜಿ. ಕಬ್ಬಿಣ ತೂಗುತ್ತಿದ್ದರೆ ಹಿಂದಿನ ಚಕ್ರಗಳು ನೆಲವನ್ನು ಸರಿಯಾಗಿ ಕಚ್ಚುವುದಿಲ್ಲ. ಗಾಡಿಯ ಹಿಂಭಾಗಕ್ಕೆ ಎಷ್ಟು ತೂಕ ಹಾಕಬೇಕೆಂದು ಪ್ಲೋ ಜೊತೆ ಕೊಟ್ಟ ಪುಸ್ತಕದಲ್ಲೇ ಇತ್ತು. ಓದಿದ್ದೆ, ಆದರೆ ಹಾಕಿರಲಿಲ್ಲ. ತಪ್ಪು ನನ್ನದೇ. ಈಗ 27 ಕೆ.ಜಿ.ಯ ಎಂಟು ಮರಳು ಚೀಲಗಳನ್ನು ಹಿಂದಿನ ಆಕ್ಸಲ್ಲಿಗಿಂತ ಹಿಂದಕ್ಕೆ, ಟೈಲ್‌ಗೇಟಿಗೆ ಒತ್ತಿಕೊಂಡಂತೆ ಇಟ್ಟು, ಮುಂದೆ ಜಾರದ ಹಾಗೆ ಮರದ ಚೌಕಟ್ಟು ಹೊಡೆದಿದ್ದೇನೆ. ಆಕ್ಸಲ್ಲಿಗಿಂತ ಮುಂದಿಟ್ಟರೆ ಪ್ರಯೋಜನ ಕಡಿಮೆ, ಆ ಭಾರದ ಒಂದು ಪಾಲು ಮುಂದಿನ ಚಕ್ರಕ್ಕೇ ಸೇರಿಕೊಳ್ಳುತ್ತದೆ.

ಬ್ಲೇಡನ್ನು ಎಷ್ಟು ಎತ್ತಬೇಕು ಎನ್ನುವುದೂ ಸಣ್ಣ ವಿಷಯವಲ್ಲ. ಪೂರ್ತಿ ಎತ್ತಿದರೆ ರೇಡಿಯೇಟರಿಗೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಮೈನಸ್ ಹತ್ತು ಡಿಗ್ರಿ ಚಳಿಯಲ್ಲಿ ಎಂಜಿನ್ ಕಾಯುವುದನ್ನು ನಾನು ಕಂಡಿದ್ದೇನೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಾಗ ಬದಿಗೆ ನಿಲ್ಲಿಸಿ, ಬ್ಲೇಡನ್ನು ಸ್ವಲ್ಪ ಇಳಿಸಿ ಓರೆ ಮಾಡಿದೆ. ಐದು ನಿಮಿಷದಲ್ಲಿ ಮುಳ್ಳು ತನ್ನ ಜಾಗಕ್ಕೆ ಮರಳಿತು. ಆದರೆ ತೀರಾ ತಗ್ಗಿಸಿದರೆ ರಸ್ತೆಯ ಉಬ್ಬಿಗೆ ತಗಲುತ್ತದೆ. ಹಾಗಾಗಿ ಸುಮಾರು ಒಂದಡಿ ಎತ್ತರ. ಗಾಡಿಯ ಹೆಡ್‌ಲೈಟಿಗೆ ಬ್ಲೇಡೇ ಅಡ್ಡ ಬರುತ್ತದೆ, ಅದಕ್ಕೆ ಪ್ಲೋ ಚೌಕಟ್ಟಿನ ಮೇಲಿನ ದೀಪಗಳನ್ನೇ ಹಾಕಿಕೊಳ್ಳುತ್ತೇನೆ. ಎತ್ತಿದ ಕೂಡಲೇ ಕಂಟ್ರೋಲ್ ಸ್ವಿಚ್ ಆಫ್. ಮೊಣಕೈ ತಾಗಿ ನಡುರಸ್ತೆಯಲ್ಲಿ ಬ್ಲೇಡ್ ಇಳಿದರೆ ಏನಾಗುತ್ತದೆಂದು ಊಹಿಸುವುದೂ ಬೇಡ. ರಸ್ತೆ ಖಾಲಿಯಿದ್ದರೂ ಗಂಟೆಗೆ 35 ಮೈಲಿ ದಾಟುವುದಿಲ್ಲ. ಸುರಿಯುವ ಸ್ನೋದಲ್ಲಿ ಬ್ಲೇಡಿನ ಅಂಚು ಎದುರಿನವರಿಗೆ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಎರಡೂ ತುದಿಗೆ ನಿಲ್ಲಿಸಿದ ಕಿತ್ತಳೆ ಕಡ್ಡಿಗಳೇ ನನಗೆ ಅಳತೆ.

ತಳ್ಳುವಾಗ ನಡಿಗೆಗಿಂತ ಸ್ವಲ್ಪ ಜೋರು, ಅಷ್ಟೇ. ಒಮ್ಮೆ ಮುಚ್ಚಿಹೋಗಿದ್ದ ಮ್ಯಾನ್‌ಹೋಲಿನ ಅಂಚಿಗೆ ಬ್ಲೇಡ್ ಬಡಿಯಿತು. ಸ್ಪ್ರಿಂಗ್ ಹಿಗ್ಗಿ ಬ್ಲೇಡ್ ಮುಂದಕ್ಕೆ ಮಗುಚಿಕೊಂಡು ಹೊಡೆತ ತಾನು ನುಂಗಿತು, ಆದರೂ ಸೀಟ್ ಬೆಲ್ಟಿನ ಗುರುತು ಎದೆಯ ಮೇಲೆ ವಾರವಿತ್ತು. ಈಗ ನೆಲ ಗಟ್ಟಿಯಾಗುವ ಮುಂಚೆಯೇ ಇಡೀ ಜಾಗ ಕಾಲಲ್ಲಿ ಸುತ್ತಿ, ಕಟ್ಟೆ, ಮುಚ್ಚಳ, ಹೂಪಾತಿ ಇರುವಲ್ಲೆಲ್ಲ ಕಡ್ಡಿ ನೆಡುತ್ತೇನೆ. ರಿವರ್ಸ್ ಹೋಗುವಾಗ ಮಾತ್ರ ಕನ್ನಡಿಯೊಂದನ್ನೇ ನಂಬುವುದಿಲ್ಲ, ಕತ್ತು ತಿರುಗಿಸಿಯೇ ನೋಡುತ್ತೇನೆ. ಸ್ನೋ ಬಿದ್ದ ಬೆಳಿಗ್ಗೆ ಶಾಲೆಗೆ ರಜೆ, ಮಕ್ಕಳೆಲ್ಲ ಹೊರಗಿರುತ್ತಾರೆ.

ಮನೆಗೆ ಬಂದು ಎಂಜಿನ್ ಆರಿಸುವ ಮೊದಲು ಬ್ಲೇಡನ್ನು ನೆಲಕ್ಕೆ ಕೂರಿಸುತ್ತೇನೆ. ಹೈಡ್ರಾಲಿಕ್ ಪೈಪಿನ ಮೇಲಿನ ಮಂಜನ್ನು ಕೈಗವಸಿನಿಂದ ಒರೆಸಿ, ಎಣ್ಣೆ ಜಿನುಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿ ಒಳಗೆ ಹೋಗುತ್ತೇನೆ.